ಸಿಟ್ ಅಂದರೆ ನಡುಗುತ್ತಿದ್ದ ಚುಕ್ಕಿ: ಕೊಪ್ಪಳದ ಒಂದು ಪ್ರಕರಣ

ಸೆಪ್ಟೆಂಬರ್ ಕೊನೆಯ ವಾರ ಕೊಪ್ಪಳದ ಒಬ್ಬ ನಿವೃತ್ತ ಮಾಸ್ತರರು ಫೋನ್ ಮಾಡಿದರು. ಮನೆಯಲ್ಲಿ 11 ತಿಂಗಳ ಹೆಣ್ಣು ಮುಧೋಳ ನಾಯಿ ಇದೆ, ಹೆಸರು ಚುಕ್ಕಿ ಅಂದರು. “ಹೇಳಿದ್ದೆಲ್ಲಾ ಕೇಳ್ತಾಳವ್ವಾ. ಸಿಟ್ ಅಂದ್ರ ಕುಂದರ್ತಾಳ. ಸ್ಟೇ ಅಂದ್ರ ಅಲ್ಲೇ ಇರ್ತಾಳ. ಆದ್ರ ಗೇಟು ದಾಟಂಗಿಲ್ಲ. ಮನಿಗೆ ಯಾರರ ಬಂದ್ರ ಮಂಚದ ಕೆಳಗ. ಮೂರು ತಿಂಗಳು ಟ್ರೇನಿಂಗ್ ಕೊಡಿಸೀವಿ, ಇನ್ನೇನ್ ಮಾಡಬೇಕು ತಿಳಿವಲ್ದು.”

ಹೇಳಿದ್ದೆಲ್ಲಾ ಕೇಳುವ ನಾಯಿ ಗೇಟು ಯಾಕೆ ದಾಟುವುದಿಲ್ಲ? ಆ ಅನುಮಾನ ಇಟ್ಟುಕೊಂಡೇ ಹೋದೆ. ಆರು ತಿಂಗಳು ನಡೆದ ಈ ಪ್ರಕರಣವನ್ನು ಇಷ್ಟು ವಿವರವಾಗಿ ಬರೆಯಲು ಕಾರಣ ಇದೆ. ಅಂಜುಬುರುಕ ನಾಯಿಯ ಹೆದರಿಕೆ ಎಷ್ಟೋ ಸಲ ವಿಧೇಯತೆಯ ಹಾಗೆ ಕಾಣುತ್ತದೆ. ನಾವು ಅದನ್ನು ಮೆಚ್ಚಿ ಬೆನ್ನು ತಟ್ಟುತ್ತೇವೆ. ಒಳಗೆ ಆ ಜೀವ ಕುಸಿಯುತ್ತಾ ಇರುತ್ತದೆ.

ಮೊದಲ ಭೇಟಿ

ಪಡಸಾಲೆಯಲ್ಲಿ ಗೋಡೆಗೆ ಒರಗಿ ನೆಲದ ಮೇಲೆ ಕುಳಿತೆ. ಚುಕ್ಕಿಯ ಕಡೆ ನೇರವಾಗಿ ನೋಡಲಿಲ್ಲ, ಕರೆಯಲಿಲ್ಲ. ಹೊಸಬರು ಬಂದು ಕಣ್ಣಲ್ಲಿ ಕಣ್ಣಿಟ್ಟು, ಬಗ್ಗಿ, ತಲೆ ಮೇಲೆ ಕೈ ಚಾಚುವುದು ಇಂಥ ನಾಯಿಗೆ ದೊಡ್ಡ ಹೆದರಿಕೆ. ಮಾಸ್ತರರು ಎದ್ದು ನಿಂತು, ಶಾಲೆಯಲ್ಲಿ ಹಾಜರಿ ಕರೆಯುವ ದನಿಯಲ್ಲಿ “ಸಿಟ್!” ಅಂದರು. ಮಂಚದ ಕೆಳಗಿದ್ದ ಚುಕ್ಕಿ ಹೊರಗೆ ಬಂದು ತಟ್ಟನೆ ಕುಳಿತಳು. 9ನೇ ತರಗತಿಯ ಮೊಮ್ಮಗ ಹೆಮ್ಮೆಯಿಂದ ನನ್ನ ಕಡೆ ನೋಡಿದ. “ಎಷ್ಟು ಛಂದ ಕುಂತಾಳ ನೋಡ್ರಿ ಮೇಡಂ.”

ನಾನು ನೋಡಿದ್ದು ಇದು: ಕಿವಿ ಹಿಂದಕ್ಕೆ ಅಂಟಿಕೊಂಡಿದ್ದವು. ಬಾಲ ಹೊಟ್ಟೆಯ ಕೆಳಗೆ ಸೇರಿತ್ತು. ಮುಂಗಾಲು ಒಂದು ಅರ್ಧ ಎತ್ತಿಕೊಂಡಿತ್ತು. ಮೂತಿಯನ್ನು ಪಕ್ಕಕ್ಕೆ ತಿರುಗಿಸಿ, ಕಣ್ಣನ್ನು ಮಾತ್ರ ಮಾಸ್ತರರ ಕೈ ಮೇಲೆ ಇಟ್ಟಿದ್ದಳು. ಹಾಗಾಗಿ ಕಣ್ಣಿನ ಬಿಳಿ ಭಾಗ ಕಾಣುತ್ತಿತ್ತು. ಮೂರು ಸಲ ತುಟಿ ನೆಕ್ಕಿದಳು, ಒಂದು ಸಲ ಆಕಳಿಸಿದಳು. ನಿದ್ದೆ ಬಂದು ಆಕಳಿಸಿದ್ದಲ್ಲ. ನಾಯಿಗಳು ಕಂಗಾಲಾದಾಗಲೂ ಆಕಳಿಸುತ್ತವೆ. ಮೂಗಿನ ಹತ್ತಿರ ಪನೀರ್ ತುಂಡು ಇಟ್ಟರೂ ಮುಟ್ಟಲಿಲ್ಲ. ಮಾಸ್ತರರು “ಸಾಕು, ಹೋಗು” ಅಂದ ಮೇಲೂ 6 ನಿಮಿಷ ಹಾಗೇ ಕುಳಿತಿದ್ದಳು. ಎಲ್ಲರೂ ಬೇರೆ ಕಡೆ ತಿರುಗಿದ ಮೇಲೆ ನೆಲಕ್ಕೆ ಹತ್ತಿಕೊಂಡು ತೆವಳುತ್ತಾ ಮಂಚದ ಕೆಳಗೆ ಹೋದಳು.

ಅವಳು ‘ಸಿಟ್’ ಕಲಿತಿರಲಿಲ್ಲ. ಆ ಶಬ್ದ ಕೇಳಿದಾಗ ಮೈ ಗಟ್ಟಿಯಾಗುತ್ತಿತ್ತು, ಅಷ್ಟೇ. ಹಾಗೆ ಗಟ್ಟಿಯಾದ ಮೈ ಕುಳಿತ ಭಂಗಿಯಲ್ಲಿ ಇರುತ್ತಿತ್ತು.

ಹಿಂದೆ ಏನಾಗಿತ್ತು

ಚುಕ್ಕಿ ಹುಟ್ಟಿದ್ದು ಮುಧೋಳ ಕಡೆಯ ಒಂದು ತೋಟದ ತಗಡಿನ ಶೆಡ್ಡಿನಲ್ಲಿ. 4 ತಿಂಗಳು ಅಲ್ಲೇ ಇದ್ದಳು. ಊಟ ಹಾಕಲು ಬರುವ ಆಳೊಬ್ಬನನ್ನು ಬಿಟ್ಟರೆ ಬೇರೆ ಮನುಷ್ಯರ ಪರಿಚಯವೇ ಇರಲಿಲ್ಲ. ಮಕ್ಕಳ ಗಲಾಟೆ, ಬೈಕು, ಮೆಟ್ಟಿಲು, ಮಿಕ್ಸರ್ ಸದ್ದು ಯಾವುದನ್ನೂ ಅವಳು ಕಂಡಿರಲಿಲ್ಲ.

ನಾಯಿಮರಿಗೆ ಸುಮಾರು 3ನೇ ವಾರದಿಂದ 12-14ನೇ ವಾರದವರೆಗೆ ಒಂದು ಕಾಲ ಇರುತ್ತದೆ. ಆಗ ಕಂಡದ್ದು, ಕೇಳಿದ್ದು ಅದಕ್ಕೆ ‘ನಮ್ಮದು’ ಆಗುತ್ತದೆ. ಆಮೇಲೆ ಕಂಡದ್ದನ್ನೆಲ್ಲಾ ಮೊದಲು ಅನುಮಾನದಿಂದ ನೋಡುತ್ತದೆ. ಅಮೆರಿಕದ ಬಾರ್ ಹಾರ್ಬರ್‌ನಲ್ಲಿ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ವರ್ಷಗಟ್ಟಲೆ ನಾಯಿಮರಿಗಳನ್ನು ಸಾಕಿ, ಗಮನಿಸಿ, 1965ರಲ್ಲಿ ಇದನ್ನು ವಿವರವಾಗಿ ಮುಂದಿಟ್ಟರು. ಚುಕ್ಕಿಯ ಆ ಕಾಲ ಶೆಡ್ಡಿನಲ್ಲೇ ಕಳೆದು ಹೋಗಿತ್ತು. ಅದನ್ನು ವಾಪಸ್ ತರಲು ಯಾರಿಂದಲೂ ಆಗುವುದಿಲ್ಲ. ಈ ಮಾತನ್ನು ಮನೆಯವರಿಗೆ ಮೊದಲ ದಿನವೇ ಹೇಳಿದೆ. ಸುಳ್ಳು ಆಸೆ ಕೊಟ್ಟು ಶುರು ಮಾಡುವುದು ನನಗೆ ಇಷ್ಟ ಇಲ್ಲ.

ಎರಡನೆಯದು ತಳಿಯ ಮಾತು. ಮುಧೋಳ ನಾಯಿ ಕಣ್ಣಿನಿಂದ ಬೇಟೆಯಾಡುವ ನಾಯಿ. ನಮ್ಮ ಕಡೆ ಕರವಾನಿ ಅಂತಲೂ ಕರೆಯುತ್ತಾರೆ. 2005ರಲ್ಲಿ ಅಂಚೆ ಇಲಾಖೆ ಈ ತಳಿಯ ಚಿತ್ರ ಇರುವ ಅಂಚೆಚೀಟಿ ತಂದಿತು. ಮುಧೋಳ ಹತ್ತಿರದ ತಿಮ್ಮಾಪುರದಲ್ಲಿ ಇದಕ್ಕಾಗಿಯೇ ಒಂದು ಸಂಶೋಧನಾ ಕೇಂದ್ರ ಇದೆ. ಮನೆಯವರಿಗೆ ಪ್ರಾಣ ಕೊಡುವ ನಾಯಿ ಇದು, ಆದರೆ ಹೊರಗಿನವರು ಮೈ ಮುಟ್ಟಿದರೆ ಸೇರುವುದಿಲ್ಲ. ದೂರದಲ್ಲಿ ಏನಾದರೂ ಅಲ್ಲಾಡಿದರೆ ಮೊದಲು ಇದಕ್ಕೇ ಕಾಣುತ್ತದೆ. ಹಾಗಾಗಿ ಚುಕ್ಕಿಯನ್ನು ಬಂದವರೆಲ್ಲರ ಮಡಿಲು ಹತ್ತುವ ಲ್ಯಾಬ್ರಡಾರ್ ಮಾಡುವುದು ನನ್ನ ಗುರಿ ಆಗಿರಲಿಲ್ಲ. ಬಿಗುಮಾನ ಅವಳ ಸ್ವಭಾವ, ಅದು ಇರಲಿ. ನಡುಕ ಮಾತ್ರ ಹೋಗಬೇಕಿತ್ತು.

ಮೂರನೆಯದು ಆ 3 ತಿಂಗಳ ತರಬೇತಿ. ಆ ತರಬೇತುದಾರರು ಕೊರಳಿಗೆ ಎಳೆದರೆ ಬಿಗಿಯುವ ಚೋಕ್ ಚೈನ್ ಹಾಕಿ, ‘ಸಿಟ್’ ಅನ್ನುತ್ತಾ ಚೈನ್ ಮೇಲಕ್ಕೆ ಎಳೆದು ಸೊಂಟ ಕೆಳಗೆ ಒತ್ತುತ್ತಿದ್ದರಂತೆ. ಹೆದರಿಕೆ ಬಿಡಿಸಲು ಬಸ್ ನಿಲ್ದಾಣದ ಎದುರು ಕಂಬಕ್ಕೆ ಕಟ್ಟಿ ಅರ್ಧ ಗಂಟೆ ಬಿಡುತ್ತಿದ್ದರಂತೆ, ರೂಢಿ ಆಗಲಿ ಅಂತ. ಮೊದಲೆರಡು ದಿನ ಚುಕ್ಕಿ ಕಿರುಚಿ ಎಗರಾಡಿದ್ದಳು. ನಾಲ್ಕನೇ ದಿನ ಸುಮ್ಮನಾದಳು. “ಸುಧಾರಿಸಿದಳು ಅಂತ ತಿಳಕೊಂಡ್ವಿ,” ಅಂದರು ಮನೆಯ ಸೊಸೆ. ಆ ಅಕ್ಕನ ಕಣ್ಣು ತುಂಬಿತ್ತು.

ಆ ಸುಮ್ಮನಾಗುವಿಕೆಗೆ ಹೆಸರಿದೆ, ‘ಕಲಿತ ಅಸಹಾಯಕತೆ’. 1967ರಲ್ಲಿ ಮಾರ್ಟಿನ್ ಸೆಲಿಗ್ಮನ್ ಮತ್ತು ಸ್ಟೀವನ್ ಮೇಯರ್ ಪ್ರಕಟಿಸಿದ ಪ್ರಯೋಗ ಓದಲು ಸಂಕಟವಾಗುತ್ತದೆ. ತಪ್ಪಿಸಿಕೊಳ್ಳಲು ದಾರಿಯೇ ಇಲ್ಲದಂತೆ ಕರೆಂಟ್ ಶಾಕ್ ತಿಂದ ನಾಯಿಗಳು, ಆಮೇಲೆ ಸಣ್ಣ ಅಡ್ಡಗೋಡೆ ಹಾರಿದರೆ ಪಾರಾಗುವಂತಿದ್ದಾಗಲೂ ಅಲ್ಲೇ ಬಿದ್ದುಕೊಂಡವು. ಏನು ಮಾಡಿದರೂ ಫಲ ಇಲ್ಲ ಅಂತ ಅವು ಕಲಿತುಬಿಟ್ಟಿದ್ದವು. ಕಂಬಕ್ಕೆ ಕಟ್ಟಿದ ನಾಯಿ ನಾಲ್ಕನೇ ದಿನ ಸುಮ್ಮನಾದರೆ ಅದಕ್ಕೆ ಧೈರ್ಯ ಬಂತು ಅನ್ನಬೇಡಿ. ಅದರ ಮೈ ನಡುಗುತ್ತಿದೆಯಾ, ಕೊಟ್ಟದ್ದು ತಿನ್ನುತ್ತದೆಯಾ ನೋಡಿ.

ಪಾಠ ನಿಲ್ಲಿಸಿದ 10 ದಿನ

ಮೊದಲು ಪಶುವೈದ್ಯರ ಹತ್ತಿರ ಕಳಿಸಿದೆ. ಕಿವಿ ನೋವು, ಕೀಲು ನೋವು, ಉಣ್ಣಿ ಕಚ್ಚಿ ಬರುವ ಜ್ವರ ಇದ್ದರೂ ನಾಯಿ ಮುದುಡಿಕೊಳ್ಳುತ್ತದೆ. ನಮ್ಮ ಕಡೆ ಉಣ್ಣಿ ಜಾಸ್ತಿ. ಚುಕ್ಕಿಯ ರಕ್ತಪರೀಕ್ಷೆ ಸರಿ ಬಂತು. ಕೊರಳ ಕೆಳಗೆ ಚೈನ್ ಉಜ್ಜಿ ಕೂದಲು ಉದುರಿ ಚರ್ಮ ಕೆಂಪಾಗಿತ್ತು, ಅದಕ್ಕೆ ಮುಲಾಮು ಕೊಟ್ಟರು. ರೇಬೀಸ್ ಲಸಿಕೆ ಆಗಿತ್ತು.

ಆಮೇಲೆ ಪಾಠ ಪೂರ್ತಿ ನಿಲ್ಲಿಸಿ ಅಂದೆ. 10 ದಿನ ಯಾರೂ ಏನೂ ಹೇಳುವಂತಿಲ್ಲ. ಸಿಟ್ ಇಲ್ಲ, ಬಾ ಇಲ್ಲ, ವಾಕಿಂಗ್ ಇಲ್ಲ. ಮಂಚದ ಕೆಳಗೆ ಹೋದರೆ ಎಳೆಯುವಂತಿಲ್ಲ. ಮಾಸ್ತರರಿಗೆ ಇದು ಒಗ್ಗಲಿಲ್ಲ. “ಸಾಲಿ ಬಿಡಿಸಿದ್ರ ಕಲಿತದ್ದೂ ಮರೀತಾಳಲ್ಲವ್ವಾ?”

“ಮರೀಲಿ ಅಂತಾನೇ ಸರ್,” ಅಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ತಾವಾಗಿಯೇ ಹೇಳಿದರು: “ನಮ್ಮ ಸಾಲ್ಯಾಗೂ ಒಬ್ಬ ಹುಡುಗ ಇದ್ದ. ಗದ್ದಲ ಇಲ್ಲ, ಏನೂ ಇಲ್ಲ. ಭಾಳ ಶಾಣ್ಯಾ ಅಂತಿದ್ವಿ. ಛಡಿ ಕಂಡ್ರ ಅಂವಗ ಚಳಿಜ್ವರ ಬರ್ತಿತ್ತು ಅಂತ ಅವರವ್ವ ಹೇಳಿದ ಮ್ಯಾಲೆ ಗೊತ್ತಾತು.” ಅವತ್ತಿನಿಂದ ಅವರು ನನ್ನ ಕಡೆ ಆದರು. ಈ ಪ್ರಕರಣದಲ್ಲಿ ಅರ್ಧ ಕೆಲಸ ಮಾಡಿದ್ದು ಅವರೇ.

ಊಟದ ವಿಷಯ ಒಂದಿತ್ತು. ಇಂಥ ನಾಯಿಗೆ ನಾನು ಸಾಮಾನ್ಯವಾಗಿ ಬೇಯಿಸಿದ ಕೋಳಿ ಸಣ್ಣ ತುಂಡು ಮಾಡಿ ಬಳಸುತ್ತೇನೆ. ಆ ಮನೆಯಲ್ಲಿ ತತ್ತಿ ಕೂಡ ಬರುವಂತಿಲ್ಲ. ಪನೀರ್ ತಂದೆವು. ಅದಕ್ಕಿಂತ ಚುಕ್ಕಿಗೆ ಇಷ್ಟವಾದದ್ದು ಖಡಕ್ ರೊಟ್ಟಿಯ ಚೂರಿಗೆ ಒಂದು ಹನಿ ತುಪ್ಪ. ಮನೆಯ ಅಮ್ಮ ಪ್ರೀತಿಯಿಂದ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿ ಕೊಡುತ್ತಿದ್ದರು, ಅದನ್ನು ಬಿಡಿಸಿದೆ. ಬೆಳ್ಳುಳ್ಳಿ, ಉಳ್ಳಾಗಡ್ಡಿ ನಾಯಿಯ ರಕ್ತಕ್ಕೆ ಕೆಡುಕು.

ಆ 10 ದಿನ ಮಾಡಿದ್ದು ಒಂದೇ. ಯಾರೇ ಮಂಚದ ಹತ್ತಿರ ಹಾದು ಹೋದರೂ ಒಂದು ಚೂರು ಅವಳ ಕಡೆ ಉರುಳಿಸಿ, ನಿಲ್ಲದೆ ಹೋಗುವುದು. ಕೊಟ್ಟು ಹೋಗುವವರಿಂದ ಏನೂ ಬೇಡಿಕೆ ಇಲ್ಲ. ಐದನೇ ದಿನ ಅವಳ ಮೂತಿ ಮಂಚದ ಹೊರಗೆ ಬಂತು. ಎಂಟನೇ ದಿನ ಮೊಮ್ಮಗನ ಹೆಜ್ಜೆ ಸಪ್ಪಳ ಕೇಳಿ ತಾನೇ ಎದ್ದು ಬಂದಳು.

ಮುಟ್ಟು, ಭೇಷ್, ಕುಂದ್ರು

ಹದಿಮೂರನೇ ದಿನ ಹೊಸ ಪಾಠ ಶುರುವಾಯಿತು. ಮೊದಲು ಒಂದು ಮೆಚ್ಚುಗೆಯ ಶಬ್ದ ಬೇಕಿತ್ತು. ಸರಿಯಾದ ಕ್ಷಣವನ್ನು ಗುರುತಿಸಿ ಹೇಳಲು ಕ್ಲಿಕ್ಕರ್, ಅಂದರೆ ಒತ್ತಿದರೆ ಟಕ್ ಅನ್ನುವ ಪುಟ್ಟ ಸಾಧನ, ಬಳಸುವುದುಂಟು. ಚುಕ್ಕಿಗೆ ಆ ಟಕ್ ಸದ್ದೇ ಹೆದರಿಕೆ. ಮಾಸ್ತರರ ಬಾಯಲ್ಲಿ ಮೊದಲೇ ಇದ್ದ ‘ಭೇಷ್’ ಆರಿಸಿಕೊಂಡೆವು. ಭೇಷ್ ಅಂದರೆ ರೊಟ್ಟಿ ಚೂರು. ನಾಲ್ಕು ದಿನ ಬರೀ ಇಷ್ಟೇ.

ಮುಂದಿನದು ‘ಮುಟ್ಟು’. ಅಂಗೈಯನ್ನು ಅವಳ ಮೂತಿಗಿಂತ ಕೆಳಗೆ, ಒಂದು ಗೇಣು ದೂರದಲ್ಲಿ ಸುಮ್ಮನೆ ಹಿಡಿಯುವುದು. ಕೈ ಅವಳ ಕಡೆ ಹೋಗುವಂತಿಲ್ಲ, ಅವಳೇ ಬರಬೇಕು. ಮೊದಲ ದಿನ ಅಂಗೈ ಕಡೆ ನೋಡಿದ್ದಕ್ಕೇ ಭೇಷ್. ಎರಡನೇ ದಿನ ಕೊರಳು ಚಾಚಿದ್ದಕ್ಕೆ. ಮೂರನೇ ದಿನ ಸಂಜೆ, ಅಕ್ಕ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಕೈ ಹಿಡಿದಿದ್ದರು. ಚುಕ್ಕಿ ಒಂದು ಹೆಜ್ಜೆ ಬಂದಳು, ನಿಂತಳು, ಹಿಂದೆ ಸರಿದಳು. ಅಕ್ಕ ಕೈ ಕೆಳಗಿಟ್ಟರು. ಅರ್ಧ ನಿಮಿಷ ಬಿಟ್ಟು ಮತ್ತೆ ಹಿಡಿದರು. ಈ ಸಲ ಒದ್ದೆ ಮೂಗು ಅಂಗೈಗೆ ತಾಗಿತು. ಅಕ್ಕನಿಗೆ ಭೇಷ್ ಅನ್ನಲು ದನಿಯೇ ಬರಲಿಲ್ಲ. ನಾನು ದೂರದಿಂದ ಪಿಸುಗುಟ್ಟಿದೆ.

ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಲೆಕ್ಕ ಹಾಕಿ ನೋಡಿ. ಅಲ್ಲಿವರೆಗೆ ಮನುಷ್ಯರ ಕೈ ತಾನಾಗಿ ಬಂದು ಅವಳನ್ನು ಎಳೆಯುತ್ತಿತ್ತು, ಒತ್ತುತ್ತಿತ್ತು. ಈಗ ಅವಳು ಹಿಂದೆ ಸರಿದರೆ ಕೈ ಕೆಳಗಿಳಿಯುತ್ತದೆ. ಅವಳ ‘ಬೇಡ’ ಕೇಳುವವರು ಇದ್ದಾರೆ. ‘ಬೇಡ’ ಅನ್ನಲು ಆಗದ ನಾಯಿ ‘ಹೂಂ’ ಅಂದರೆ ಆ ಹೂಂಗೆ ಅರ್ಥ ಇಲ್ಲ. ಆ ಸಂಜೆಯ ನಂತರ ಎರಡೇ ವಾರದಲ್ಲಿ ಅವಳು ಮನೆಯ ನಾಲ್ವರ ಅಂಗೈಯನ್ನೂ ಓಡಿ ಬಂದು ಮುಟ್ಟುತ್ತಿದ್ದಳು. ಕರೆದರೆ ಬರುವ ಪಾಠಕ್ಕೂ ಇದೇ ಬುನಾದಿ ಆಯಿತು.

‘ಸಿಟ್’ ಶಬ್ದವನ್ನು ನಾವು ರಿಪೇರಿ ಮಾಡಲು ಹೋಗಲಿಲ್ಲ. ಒಂದು ಶಬ್ದಕ್ಕೆ ನೋವು ಅಂಟಿಕೊಂಡರೆ, ಅದನ್ನು ತೊಳೆಯುವುದಕ್ಕಿಂತ ಹೊಸ ಶಬ್ದ ಕಲಿಸುವುದು ಸುಲಭ. ಆ ಮನೆಯಲ್ಲಿ ಎಲ್ಲರೂ ಆಡುವ ಮಾತು ‘ಕುಂದ್ರು’. ನಾಯಿಗೆ ಮಾತ್ರ ಯಾಕೆ ಇಂಗ್ಲಿಷು ಅಲ್ವಾ? ಅವಳು ತಾನಾಗಿಯೇ ಕುಳಿತಾಗ ಭೇಷ್ ಅಂದೆವು. ಯಾರೂ ಹೇಳಲಿಲ್ಲ, ಒತ್ತಲಿಲ್ಲ. ಒಂದು ವಾರದಲ್ಲಿ ರೊಟ್ಟಿ ಡಬ್ಬಿ ಕಂಡರೆ ಬಂದು ಎದುರಿಗೆ ಕೂರತೊಡಗಿದಳು. ಆಮೇಲೆ, ಕೂರುವ ಕ್ಷಣಕ್ಕೆ ಸ್ವಲ್ಪ ಮುಂಚೆ ಮೆಲ್ಲಗೆ ‘ಕುಂದ್ರು’ ಸೇರಿಸಿದೆವು. ಬಾಲ ನೆಲ ಗುಡಿಸುತ್ತಾ ಕುಳಿತ ಚುಕ್ಕಿಯನ್ನು ನೋಡಿ ಮೊಮ್ಮಗ ಕೇಳಿದ, “ಮೊದಲು ಕುಂದರ್ತಿದ್ದಳಲ್ಲ, ಅದು ಏನ್ರಿ ಹಂಗಾದ್ರ?” ಆ ಪ್ರಶ್ನೆಗಾಗಿಯೇ ನಾನು ಅಷ್ಟು ದಿನ ಕಾದಿದ್ದೆ.

ಹಿತ್ತಲಿನಲ್ಲಿ ಸಣ್ಣ ಸಣ್ಣ ಸಾಹಸಗಳನ್ನು ಇಟ್ಟೆವು. ಗೋಣಿಚೀಲದ ಮೇಲೆ ನಡೆಯುವುದು, ಎರಡು ಇಟ್ಟಂಗಿ ಮೇಲಿಟ್ಟ ಹಲಗೆ ದಾಟುವುದು, ತಾಡಪಾಲಿನ ಮೇಲೆ ಚೆಲ್ಲಿದ ರೊಟ್ಟಿ ಚೂರು ಹುಡುಕುವುದು. ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿದ್ದು ಖಾಲಿ ಬಾಟಲಿಗಳ ಡಬ್ಬ. ರಟ್ಟಿನ ಡಬ್ಬದಲ್ಲಿ ಪ್ಲಾಸ್ಟಿಕ್ ಬಾಟಲಿ ತುಂಬಿ ತಳದಲ್ಲಿ ಪನೀರ್ ಹಾಕಿದೆವು. ಮೂತಿ ಹಾಕಿದರೆ ಬಾಟಲಿ ಗಲಗಲ ಅನ್ನುತ್ತದೆ. ಮೊದಲು ಒಂದೇ ಬಾಟಲಿ, ಆಮೇಲೆ ಮೂರು, ಆಮೇಲೆ ತುಂಬ. ಸದ್ದು ಬೇರೆ ಯಾರೋ ಮಾಡಿದ್ದಲ್ಲ, ಅವಳೇ ಮಾಡಿದ್ದು. ನಿಲ್ಲಿಸಿದರೆ ನಿಲ್ಲುತ್ತದೆ. ಸ್ಟೀಲ್ ತಾಟು ಬಿದ್ದರೆ 40 ನಿಮಿಷ ಮಂಚದ ಕೆಳಗಿರುತ್ತಿದ್ದವಳು, ನವೆಂಬರ್ ಹೊತ್ತಿಗೆ ಬೆಚ್ಚಿ ಓಡಿ ಹೋಗಿ 4 ನಿಮಿಷದಲ್ಲಿ ವಾಪಸ್ ಬರುತ್ತಿದ್ದಳು. ಬೆಚ್ಚುವುದು ನಿಂತಿತಾ ಅನ್ನುವುದನ್ನು ನಾನು ಅಳೆಯುವುದಿಲ್ಲ. ಎಷ್ಟು ಬೇಗ ಚೇತರಿಸಿಕೊಂಡಳು ಅನ್ನುವುದನ್ನು ಬರೆದಿಡುತ್ತೇನೆ. ಆ ನೋಟುಬುಕ್ಕು ಬರೆಯುವ ಕೆಲಸ ಮೊಮ್ಮಗನದು.

ಹಾರ್ನೆಸ್ (ಎದೆಗೆ ಸುತ್ತಿ ಕಟ್ಟುವ ಪಟ್ಟಿ) ಹಾಕಲು ಬ್ರಿಟನ್ನಿನ ತರಬೇತುದಾರ ಚಿರಾಗ್ ಪಟೇಲ್ ರೂಪಿಸಿದ ಬಕೆಟ್ ಆಟ ನೆರವಿಗೆ ಬಂತು. ಒಂದು ಬಟ್ಟಲಲ್ಲಿ ತಿನಿಸು ಇಟ್ಟು ಎದುರಿಗೆ ಇಡುತ್ತೇವೆ. ನಾಯಿ ಬಟ್ಟಲನ್ನು ನೋಡುತ್ತಿರುವವರೆಗೆ ಮಾತ್ರ ನಮ್ಮ ಕೆಲಸ ಮುಂದುವರಿಯುತ್ತದೆ, ನಡುವೆ ನಡುವೆ ತಿನಿಸು ಸಿಗುತ್ತದೆ. ಮುಖ ತಿರುಗಿಸಿದರೆ ನಮ್ಮ ಕೈ ನಿಲ್ಲುತ್ತದೆ. ಮೊದಲ ದಿನ ಹಾರ್ನೆಸ್ಸನ್ನು ಬರೀ ಎತ್ತಿದ್ದಕ್ಕೇ 7 ಸಲ ಮುಖ ತಿರುಗಿಸಿದಳು. ನಾವು 7 ಸಲ ನಿಲ್ಲಿಸಿದೆವು. ಹನ್ನೆರಡನೇ ದಿನ ತಲೆ ತೂರಿಸಿದಳು. ಮುಧೋಳ ನಾಯಿಯ ತಲೆ ಸಪೂರ, ಕೊರಳು ತೋರ. ಮಾಮೂಲಿ ಪಟ್ಟಿ ಹಿಂದಕ್ಕೆ ಎಳೆದರೆ ಸರಕ್ಕನೆ ಕಳಚಿಕೊಳ್ಳುತ್ತದೆ. ಅದಕ್ಕೇ ಹಾರ್ನೆಸ್ ಜೊತೆ ಎಳೆದಾಗ ಬಿಗಿಯುವ ಅಗಲ ಪಟ್ಟಿಯನ್ನೂ ಹಾಕಿ, ಎರಡಕ್ಕೂ ಹಗ್ಗ ಸೇರಿಸಿದೆ.

ಬೀದಿ

1924ರಲ್ಲಿ ಮೇರಿ ಕವರ್ ಜೋನ್ಸ್ ಎಂಬ ಮನಶ್ಶಾಸ್ತ್ರಜ್ಞೆ ಮೊಲಕ್ಕೆ ಹೆದರುವ ಪೀಟರ್ ಎಂಬ ಪುಟ್ಟ ಹುಡುಗನ ಬಗ್ಗೆ ಬರೆದರು. ಅವನು ಇಷ್ಟದ ತಿಂಡಿ ತಿನ್ನುತ್ತಿರುವಾಗ ಪಂಜರದ ಮೊಲವನ್ನು ದೂರದಲ್ಲಿ ಇಡುತ್ತಿದ್ದರು. ತಿನ್ನುವುದು ನಿಲ್ಲದಷ್ಟು ದೂರ. ದಿನದಿಂದ ದಿನಕ್ಕೆ ಸ್ವಲ್ಪ ಹತ್ತಿರ. ನಾಯಿಗಳ ಹೆದರಿಕೆಗೆ ಇವತ್ತು ನಾವು ಮಾಡುವುದೂ ಅದನ್ನೇ. ತಿಂಡಿಗಿಂತ ಮುಖ್ಯ ಆ ದೂರ.

ಚುಕ್ಕಿಯ ದೂರ ಮನೆ ಮುಂದಿನ ಕಟ್ಟೆಯಿಂದ ಶುರುವಾಯಿತು. ಗೇಟು ಮುಚ್ಚಿ, ಬೆಳಗ್ಗೆ 6ಕ್ಕೆ, ಬೀದಿಯಲ್ಲಿ ಹಾಲಿನವರು ಬಿಟ್ಟರೆ ಯಾರೂ ಇಲ್ಲದ ಹೊತ್ತಿನಲ್ಲಿ. ಸೈಕಲ್ ಕಂಡಿತು, ಪನೀರ್ ಬಂತು. ಸೈಕಲ್ ಹೋಯಿತು, ಪನೀರ್ ನಿಂತಿತು. ಈ ಕ್ರಮ ಕೆಡಬಾರದು. ಮೊದಲು ಪನೀರ್ ತೋರಿಸಿ ಆಮೇಲೆ ಸೈಕಲ್ ಬಂದರೆ, ಪನೀರೇ ಅಪಾಯದ ಸುದ್ದಿ ಆಗಿಬಿಡುತ್ತದೆ. ಅಪರಿಚಿತ ಮನುಷ್ಯ 12 ಹೆಜ್ಜೆ ದೂರ ಇದ್ದಾಗ ಅವಳು ತಿನ್ನುತ್ತಿದ್ದಳು, 10 ಹೆಜ್ಜೆಗೆ ಬಂದರೆ ಬಾಯಿ ಮುಚ್ಚುತ್ತಿದ್ದಳು. ಹಾಗಾದರೆ ನಮ್ಮ ಪಾಠ 13ನೇ ಹೆಜ್ಜೆಯಲ್ಲಿ.

ದೀಪಾವಳಿಯ ಮೂರು ದಿನ ಪಾಠ ಇಲ್ಲ ಅಂತ ಮೊದಲೇ ತೀರ್ಮಾನ ಮಾಡಿದ್ದೆವು. ಅದಾದ ಮೇಲೆ ಗೇಟಿನ ಹೊರಗೆ 5 ಮೀಟರ್ ಹಗ್ಗದಲ್ಲಿ, ಅವಳು ಮೂಸಿದಷ್ಟು ಹೊತ್ತು ಮೂಸಲು ಬಿಟ್ಟು ನಡೆದೆವು. ಎಷ್ಟು ದೂರ ಹೋಗಬೇಕು ಅನ್ನುವುದು ಅವಳದೇ ತೀರ್ಮಾನ. ಕೆಲವು ದಿನ 20 ಹೆಜ್ಜೆಗೇ ವಾಪಸ್. ಮಾಸ್ತರರು ಒಂದು ದಿನವೂ ಬೇಸರ ತೋರಿಸಲಿಲ್ಲ.

ನನ್ನ ತಪ್ಪು

ಡಿಸೆಂಬರ್ ಮೊದಲ ವಾರ ನಾನು ಆತುರಪಟ್ಟೆ. ಚುಕ್ಕಿ ಬೀದಿಯ ಕೊನೆಯವರೆಗೂ ಬಾಲ ಎತ್ತಿ ನಡೆಯುತ್ತಿದ್ದಳು. ನನಗೆ ಖುಷಿಯಾಗಿತ್ತು. ರೈಲು ನಿಲ್ದಾಣದ ಹತ್ತಿರದ ಬೇವಿನ ಮರದ ಕೆಳಗೆ ಕರೆದುಕೊಂಡು ಹೋಗೋಣ ಅಂದೆ. ಅಲ್ಲಿ ಜನ ಕಡಿಮೆ ಇರುವ ಹೊತ್ತು ನೋಡಿದ್ದೆ, ಗೂಡ್ಸ್ ರೈಲು ಬರುವ ಹೊತ್ತನ್ನು ವಿಚಾರಿಸಲಿಲ್ಲ. ಹಾರ್ನ್ ಹೊಡೆದು, ನೆಲ ನಡುಗಿಸುತ್ತಾ ಉದ್ದನೆಯ ರೈಲು ಹೋಯಿತು. ಚುಕ್ಕಿ ಹಿಂದಕ್ಕೆ ಎಗರಿದಳು. ಹಾರ್ನೆಸ್ ಅರ್ಧ ಕಳಚಿತು. ಎರಡನೇ ಪಟ್ಟಿ ಇರದಿದ್ದರೆ ಅವಳು ಅವತ್ತು ನಮ್ಮ ಕೈಗೆ ಸಿಗುತ್ತಿರಲಿಲ್ಲ. ಆಮೇಲೆ ಅವಳು ಕುಳಿತಳು. ಸೆಪ್ಟೆಂಬರ್‌ನಲ್ಲಿ ಕಂಡ ಅದೇ ಕೂರುವಿಕೆ. ಕಣ್ಣಿನ ಬಿಳಿ, ಎತ್ತಿದ ಮುಂಗಾಲು. ಮಾಸ್ತರರು ಅವಳನ್ನು ಎತ್ತಿಕೊಂಡು ಮನೆಗೆ ನಡೆದರು.

ರೈಲಿಗಿಂತ ಹೆಚ್ಚು ನನ್ನನ್ನು ಕಾಡಿದ್ದು ಬೇರೆ. ರೈಲು ಬರುವ 5 ನಿಮಿಷ ಮುಂಚೆಯೇ ಅವಳು ಹೇಳಿದ್ದಳು. ಪನೀರನ್ನು ಮೆಲ್ಲಗೆ ತೆಗೆದುಕೊಳ್ಳುವವಳು ಹಲ್ಲು ತಾಗುವ ಹಾಗೆ ಕಿತ್ತುಕೊಂಡಿದ್ದಳು. ಒಂದು ತುಂಡು ಬಾಯಿಂದ ಬಿದ್ದಾಗ ಎತ್ತಿಕೊಂಡಿರಲಿಲ್ಲ. ನಾಯಿ ತಿನ್ನುತ್ತಿದೆ ಅಂದರೆ ಸಾಲದು, ಹೇಗೆ ತಿನ್ನುತ್ತಿದೆ ನೋಡಬೇಕು. ಇದು ನನಗೆ ಗೊತ್ತಿತ್ತು. ಅವಳ ಪ್ರಗತಿ ನೋಡುವ ಸಂತೋಷದಲ್ಲಿ ಅವಳನ್ನೇ ನೋಡಲಿಲ್ಲ. ಮನೆಯವರ ಮುಂದೆ ತಪ್ಪು ನನ್ನದು ಅಂತ ಹೇಳಿದೆ. 9 ದಿನ ಅವಳು ಗೇಟು ದಾಟಲಿಲ್ಲ. ನಾವೂ ಕರೆಯಲಿಲ್ಲ. ಕಟ್ಟೆಗೆ ವಾಪಸ್ ಬಂದು 13ನೇ ಹೆಜ್ಜೆಯಿಂದ ಮತ್ತೆ ಶುರು ಮಾಡಿದೆವು. ಎರಡನೇ ಸಲ ಆ ದಾರಿ ಅರ್ಧಕ್ಕಿಂತ ಕಡಿಮೆ ದಿನದಲ್ಲಿ ಮುಗಿಯಿತು. ಕೈಬಿಡಬೇಕು ಅನ್ನಿಸುವವರಿಗೆ ಇದೊಂದು ಸಮಾಧಾನ.

ಜಾತ್ರೆ

ಜನವರಿಯಲ್ಲಿ ಕೊಪ್ಪಳದಲ್ಲಿ ಗವಿಸಿದ್ಧೇಶ್ವರ ಜಾತ್ರೆ. ಲಕ್ಷಗಟ್ಟಲೆ ಜನ, ಮೈಕು, ಸಿಡಿಮದ್ದು, ಹಳ್ಳಿ ಹಳ್ಳಿಯಿಂದ ದಾಸೋಹಕ್ಕೆ ರೊಟ್ಟಿ ಹೊತ್ತು ಬರುವ ಟ್ರ್ಯಾಕ್ಟರ್‌ಗಳು. ಚುಕ್ಕಿಯನ್ನು ಅಲ್ಲಿಗೆ ಕರೆದೊಯ್ಯುವ ಮಾತೇ ಇರಲಿಲ್ಲ. ಆದರೆ ಜಾತ್ರೆಯೇ ಮನೆಗೆ ಬರುವುದಿತ್ತು. ಅಕ್ಕ ಪ್ರತಿ ವರ್ಷ ಓಣಿಯ ಹೆಣ್ಣುಮಕ್ಕಳನ್ನು ಸೇರಿಸಿ ಪಡಸಾಲೆಯಲ್ಲಿ ದಾಸೋಹದ ರೊಟ್ಟಿ ಬಡಿಯುತ್ತಾರೆ. ಹತ್ತು ಹನ್ನೆರಡು ಜನ, ಒಟ್ಟಿಗೆ ಪಟಪಟ ಸದ್ದು.

ಅದನ್ನು ನಿಲ್ಲಿಸಿ ಅನ್ನಲು ನನಗೆ ಮನಸ್ಸಾಗಲಿಲ್ಲ. ಮೂರು ವಾರ ಮುಂಚಿನಿಂದ ಅಕ್ಕ ಒಬ್ಬರೇ ರೊಟ್ಟಿ ಬಡಿಯುವಾಗ ಚುಕ್ಕಿಗೆ ಒಳಕೋಣೆಯಲ್ಲಿ ತುಪ್ಪದ ಚೂರು ಸಿಗುವ ಹಾಗೆ ಮಾಡಿದೆವು. ಆಮೇಲೆ ಅಕ್ಕನ ಜೊತೆ ಪಕ್ಕದ ಮನೆಯ ಒಬ್ಬರು, ಆಮೇಲೆ ಇಬ್ಬರು. ಒಳಕೋಣೆಯಲ್ಲಿ ಅವಳ ಹಳೇ ಕೌದಿ ಹಾಸಿದೆವು. ಬಾಗಿಲು ಮುಚ್ಚಲಿಲ್ಲ, ಓರೆ ಮಾಡಿದೆವು. ಬಂದ ಎಲ್ಲರಿಗೂ ಮೊಮ್ಮಗ ಗೇಟಿನಲ್ಲೇ ಹೇಳಿದ: ನೋಡಬ್ಯಾಡ್ರಿ, ಕರೀಬ್ಯಾಡ್ರಿ, ಮುಟ್ಟಬ್ಯಾಡ್ರಿ. ಒಬ್ಬ ಅಜ್ಜಿ “ನಾಯಿಗೆ ಇಷ್ಟ್ಯಾಕ ಉಪಚಾರೋ ಯಪ್ಪಾ” ಅಂದರು, ಆದರೂ ಮಾತು ನಡೆಸಿಕೊಟ್ಟರು.

ರೊಟ್ಟಿ ಬಡಿಯಲು ಶುರುವಾಗಿ ಅರ್ಧ ಗಂಟೆ ಆಗಿರಬೇಕು. ಬಾಗಿಲ ಸಂದಿಯಲ್ಲಿ ಉದ್ದನೆಯ ಮೂತಿ ಕಂಡಿತು. ನಾನು ಮೊಮ್ಮಗನ ಭುಜ ಹಿಡಿದೆ. ಚುಕ್ಕಿ ಹೊಸ್ತಿಲ ಮೇಲೆ ಮುಂಗಾಲು ಇಟ್ಟು ನಿಂತಳು. ಗಾಳಿ ಮೂಸಿದಳು. ಅಲ್ಲೇ ಮಲಗಿದಳು. ಹೆಣ್ಣುಮಕ್ಕಳಿಂದ 5 ಹೆಜ್ಜೆ ದೂರ. ಕಿವಿ ಹಿಂದೆ ಮುಂದೆ ಆಡುತ್ತಿದ್ದವು, ಬಾಲ ಸಡಿಲವಾಗಿ ಪಕ್ಕಕ್ಕೆ ಬಿದ್ದಿತ್ತು. ಅಕ್ಕ ರೊಟ್ಟಿ ಬಡಿಯುತ್ತಲೇ, ತಿರುಗಿ ನೋಡದೆ, ಒಂದು ಚೂರು ಅವಳ ಕಡೆ ಉರುಳಿಸಿದರು. ತಿಂದಳು. ಸುಮಾರು 20 ನಿಮಿಷ ಇದ್ದು, ಎದ್ದು, ಮೈ ಕೊಡವಿ ಒಳಗೆ ಹೋದಳು. ಮೊಮ್ಮಗ ವಾಪಸ್ ಕರೆಯಲಾ ಅಂದ. ಬೇಡ ಅಂದೆ. ಬಂದದ್ದೂ ಹೋದದ್ದೂ ಅವಳದೇ ಆಗಿರಲಿ.

ತೇರಿನ ಸಂಜೆ ಬೇರೆ ವ್ಯವಸ್ಥೆ. ಪಶುವೈದ್ಯರು ಮೊದಲೇ ಅವಳ ತೂಕ ನೋಡಿ ಒಂದು ಮಾತ್ರೆ ಬರೆದುಕೊಟ್ಟಿದ್ದರು. ಮನುಷ್ಯರ ಮಾತ್ರೆ ಅಂದಾಜಿನಲ್ಲಿ ಕೊಡುವುದು ಅಪಾಯ, ಯಾರೂ ಹಾಗೆ ಮಾಡಬೇಡಿ. ಕಿಟಕಿ ಮುಚ್ಚಿ, ಫ್ಯಾನ್ ಜೋರಾಗಿ ಹಾಕಿ, ಮಾಸ್ತರರು ಒಳಕೋಣೆಯಲ್ಲಿ ಅವಳ ಜೊತೆ ಕುಳಿತರು. ಮೊದಲ ಸಿಡಿಮದ್ದಿನ ಸದ್ದಿಗೆ ಅವಳು ನಡುಗುತ್ತಾ ಅವರ ತೊಡೆಗೆ ಒತ್ತಿಕೊಂಡಳು. ಅವರು ನನಗೆ ಫೋನ್ ಮಾಡಿ ಕೇಳಿದರು, “ಸವರಿದ್ರ ಹೆದರಿಕಿ ಇನ್ನಾ ಜಾಸ್ತಿ ಆಕ್ಕೈತಿ ಅಂತಾರಲ್ಲ, ಏನು ಮಾಡ್ಲೆವ್ವಾ?” ಇದು ತುಂಬಾ ಜನ ನಂಬಿರುವ ಮಾತು, ತಪ್ಪು. ಹೆದರಿಕೆ ಒಂದು ಭಾವನೆ. ಹೆದರಿದ ಮಗುವನ್ನು ಅಪ್ಪಿಕೊಂಡರೆ ಅದರ ಹೆದರಿಕೆ ಬೆಳೆಯುವುದಿಲ್ಲ. ಅವಳಾಗಿ ಬಂದಿದ್ದಾಳೆ, ಸವರಿ ಸರ್ ಅಂದೆ. ರಾತ್ರಿ 9ರ ಹೊತ್ತಿಗೆ ಅವಳು ಅವರ ತೊಡೆ ಮೇಲೆ ಮಲಗಿದ್ದಳಂತೆ. ಅವರು ಆ ವರ್ಷ ತೇರು ನೋಡಲಿಲ್ಲ.

ಮಾರ್ಚ್

ಮಾರ್ಚ್‌ನಲ್ಲಿ ಬಿಸಿಲು ಏರಿತು, 7ರ ಒಳಗೆ ನಡಿಗೆ ಮುಗಿಸಬೇಕು. ನೋಟುಬುಕ್ಕಿನ ಕೊನೆಯ ಪುಟಗಳ ಪ್ರಕಾರ ತಾಟು ಬಿದ್ದರೆ ಚೇತರಿಕೆ ಸುಮಾರು 20 ಸೆಕೆಂಡು. ಅಪರಿಚಿತರು 3 ಹೆಜ್ಜೆ ದೂರದವರೆಗೆ ಬಂದರೂ ತಿನ್ನುತ್ತಾಳೆ. ಕುಂದ್ರು, ಮುಟ್ಟು, ಬಾ, ಕೌದಿ ಮೇಲೆ ಇರು, ಇಷ್ಟನ್ನು ಮನೆಯಲ್ಲೂ ಬೀದಿಯಲ್ಲೂ ಮಾಡುತ್ತಾಳೆ. ಹೊಸಬರು ಮೈ ಮುಟ್ಟುವುದು ಇನ್ನೂ ಸೇರುವುದಿಲ್ಲ. ಬಹುಶಃ ಯಾವತ್ತೂ ಸೇರುವುದಿಲ್ಲ. ಮದ್ದಿನ ಸದ್ದಿಗೆ ಮುಂದಿನ ವರ್ಷವೂ ಒಳಕೋಣೆ, ಮಾತ್ರೆ ಬೇಕಾಗಬಹುದು. ರೈಲು ನಿಲ್ದಾಣದ ದಾರಿಗೆ ನಾವು ಮತ್ತೆ ಹೋಗಿಲ್ಲ. ಅವಳ ಜೀವನಕ್ಕೆ ಅದರ ಅಗತ್ಯವೂ ಇಲ್ಲ. ‘ಸಿಟ್’ ಶಬ್ದವನ್ನು ಆ ಮನೆಯಲ್ಲಿ ಈಗ ಯಾರೂ ಆಡುವುದಿಲ್ಲ.

ನನ್ನ ಕೊನೆಯ ಭೇಟಿ ಪಾಲ್ಕಿಗುಂಡು ಬೆಟ್ಟದ ಬುಡದಲ್ಲಿ. ಅಶೋಕನ ಶಾಸನ ಇರುವ ಬೆಟ್ಟ ಅದು. ಬೆಳಗ್ಗೆ ಅಲ್ಲಿ ಜನ ಇರುವುದಿಲ್ಲ. ಚುಕ್ಕಿ ಉದ್ದ ಹಗ್ಗದ ತುದಿಯಲ್ಲಿ ಬಂಡೆಯಿಂದ ಬಂಡೆಗೆ ಮೂಸುತ್ತಾ ಹೋಗುತ್ತಿದ್ದಳು. ಅಷ್ಟರಲ್ಲಿ ಬಂಡೆ ಮರೆಯಿಂದ ಕೈಯಲ್ಲಿ ಬಡಿಗೆ, ಹೆಗಲಲ್ಲಿ ಕಂಬಳಿ ಇದ್ದ ಕುರಿಗಾಹಿ ಒಬ್ಬರು ಬಂದರು. ಅವಳು ಗಕ್ಕನೆ ನಿಂತಳು. ಕಿವಿ ಹಿಂದಕ್ಕೆ ಹೋದವು. ನಾನು ಬಾಯಿ ತೆರೆಯಲಿಲ್ಲ, ಮಾಸ್ತರರೂ ತೆರೆಯಲಿಲ್ಲ. ಅವಳು ಕುರಿಗಾಹಿಯನ್ನು ನೋಡಿದಳು, ಬಡಿಗೆಯನ್ನು ನೋಡಿದಳು, ಆಮೇಲೆ ತಿರುಗಿ ಮಾಸ್ತರರ ಹತ್ತಿರ ನಡೆದು ಬಂದು, ಯಾರೂ ಕೇಳದೆಯೇ, ಜೋತು ಬಿದ್ದಿದ್ದ ಅವರ ಅಂಗೈಗೆ ಮೂಗು ತಾಗಿಸಿದಳು.

“ಭೇಷ್,” ಅಂದರು ಮಾಸ್ತರರು. ಪನೀರ್ ಮುಗಿದಿತ್ತು. ಅಂಗಿಯ ಜೇಬಿನಲ್ಲಿ ಹುಡುಕಿ ಒಂದು ರೊಟ್ಟಿ ಚೂರು ತೆಗೆದು ಕೊಟ್ಟರು.